ಹನ್ನೆರಡನೆಯ ಕಂದಾಯ

ಏಪ್ರಿಲ್ ಬಂತೆಂದರೆ ಹರಪನಹಳ್ಳಿಯ ಹೆಣ್ಣುಮಕ್ಕಳ ಹಾಸ್ಟೆಲು ಖಾಲಿಯಾಗುತ್ತಿತ್ತು. ಟ್ರಂಕು, ಹಾಸಿಗೆ, ಬಕೆಟ್ಟು ಹೊತ್ತು ಹುಡುಗಿಯರೆಲ್ಲ ಬಸ್ಸು ಹತ್ತಿದ ಮೇಲೆ ಅಡುಗೆಯ ಸೌಭಾಗ್ಯಳಿಗೆ ಎರಡು ತಿಂಗಳು ಕೆಲಸವಿರುತ್ತಿರಲಿಲ್ಲ. ಹತ್ತು ತಿಂಗಳು ನೂರು ಜನಕ್ಕೆ ಬೇಯಿಸಿದ ಕೈಗೆ ಒಬ್ಬಳ ಅಳತೆ ಸಿಗುತ್ತಿರಲಿಲ್ಲ. ಎಷ್ಟು ಹುಷಾರಾಗಿ ಹಾಕಿದರೂ ಸಾರಿಗೆ ಉಪ್ಪು ಹೆಚ್ಚಾಗುವುದು, ಅನ್ನ ಮಿಗುವುದು. ಮಿಕ್ಕಿದ್ದನ್ನು ಓಣಿಯ ನಾಯಿಗೆ ಹಾಕಿ, ಅದು ತಿಂದು ಮುಗಿಸುವವರೆಗೂ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ನಾಯಿ ಹೋದ ಮೇಲೆ ಒಳಗೆ ಹೋಗುತ್ತಿದ್ದಳು.

ಆ ಖಾಲಿ ದಿನಗಳಲ್ಲಿ ಅವಳಿಗೆಂದೇ ಇದ್ದ ಕೆಲಸ ಒಂದು. ಮನೆ ಕಂದಾಯ ಕಟ್ಟುವುದು. ಏಪ್ರಿಲ್‌ನಲ್ಲೇ ಕಟ್ಟಿದರೆ ಪುರಸಭೆಯವರು ನೂರಕ್ಕೆ ಐದು ಬಿಡುತ್ತಿದ್ದರು. ಬೇರೆಯವರು ಆ ಐದಕ್ಕೆ ಬರುತ್ತಿದ್ದರು. ಸೌಭಾಗ್ಯ ಬರುತ್ತಿದ್ದುದು ವರ್ಷ ಎಣಿಸಲಿಕ್ಕೆ.

ಮನೆ ಹಗರಿಬೊಮ್ಮನಹಳ್ಳಿ ರಸ್ತೆಯ ಕಡೆ, ಹಿಂದೊಮ್ಮೆ ಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಕಲ್ಲು ನೆಟ್ಟು ಸೈಟು ಮಾಡಿದ ಜಾಗದಲ್ಲಿತ್ತು. ಎರಡು ಖೋಲಿ, ಒಂದು ಬಚ್ಚಲು, ಮುಂದೆ ನಾಲ್ಕು ಹೆಜ್ಜೆ ಬಯಲು. ಅದನ್ನು ಕಟ್ಟಿಸಿದವರು ಮೆಕ್ಕೆಜೋಳದ ವ್ಯಾಪಾರಿ ಗುರುಸಂಗಪ್ಪ. ಅವರು ವ್ಯಾಪಾರ ಬಿಟ್ಟು ಚಿಗಟೇರಿಗೆ ಹೋಗಿ ನಿಲ್ಲುವಾಗ ಆ ಮನೆಯನ್ನು ಸೌಭಾಗ್ಯಳಿಗೆ ಮಾರಿದರು. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ಇನ್ನೊಬ್ಬಳ ಜೊತೆ ಹೋದ ಮೇಲೆ ಅವಳು ಕೂಡಿಟ್ಟಿದ್ದೆಲ್ಲ ಆ ಎರಡು ಖೋಲಿಗೆ ಸರಿಹೋಯಿತು. ನೋಂದಣಿಗೆ ಏನೂ ಉಳಿಯಲಿಲ್ಲ.

ತಾಲ್ಲೂಕು ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಟೇಬಲ್ಲು ಹಾಕಿಕೊಂಡು ಕೂತಿರುತ್ತಿದ್ದ ಗಾದಿಲಿಂಗಪ್ಪನೇ ಬಾಂಡ್ ಪೇಪರಿನ ಮೇಲೆ ಕರಾರು ಬರೆದುಕೊಟ್ಟವನು. ಬರೆದು ಮುಗಿಸಿ ಪೆನ್ನಿನ ಟೋಪಿ ಹಾಕುತ್ತ ಅವನು ಒಂದು ಮಾತು ಹೇಳಿದ್ದ.

“ನೋಂದಣಿ ಇವತ್ತಿಲ್ಲಂದ್ರ ಚಿಂತಿ ಮಾಡಬ್ಯಾಡವ. ಬಾಂಡ್ ಐತಿ, ಸ್ವಾಧೀನ ಐತಿ. ವರ್ಸಾ ವರ್ಸಾ ಕಂದಾಯ ನಿನ್ನ ಕೈಯಿಂದ ಕಟ್ಟು. ಹನ್ನೆರಡು ವರ್ಸ ತುಂಬಿತಂದ್ರ ಯಾರಪ್ಪ ಬಂದ್ರೂ ಅಲ್ಲಾಡಸಂಗಿಲ್ಲ. ಮನಿ ತಾನಾಗೇ ನಿಂದು.”

ಹೀಗೆ ಹೇಳುವವರು ಆ ಸೀಮೆಯಲ್ಲಿ ಅವನೊಬ್ಬನೇ ಅಲ್ಲ. ಹನ್ನೆರಡು ವರ್ಷದ ಲೆಕ್ಕ ಎಲ್ಲರ ಬಾಯಲ್ಲೂ ಇತ್ತು. ಬೇರೆಯವರಾದರೆ ಮನೆಗೆ ಬಂದು ಗಂಡನನ್ನೋ ಅಣ್ಣನನ್ನೋ ಹೌದೇನೆಂದು ಕೇಳುತ್ತಿದ್ದರು, ಅವರು ಇನ್ನೊಬ್ಬರನ್ನು ಕೇಳುತ್ತಿದ್ದರು. ಸೌಭಾಗ್ಯ ಆ ಮಾತನ್ನು ಯಾರಿಗೂ ತೋರಿಸದೆ ಒಳಗಿಟ್ಟುಕೊಂಡಳು. ಗುರುಸಂಗಪ್ಪನವರನ್ನು ನೋಂದಣಿ ಮಾಡಿಕೊಡಿ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ಮಲಗಿದವರನ್ನು ಎಬ್ಬಿಸಿದ ಹಾಗಾಗುತ್ತದೆ ಎಂದು ಅವಳ ಅಂಜಿಕೆ. ಸುಮ್ಮನಿದ್ದರೆ ವರ್ಷಗಳೇ ಕೆಲಸ ಮಾಡುತ್ತವೆ.

ಇನ್ನೊಂದು ಕಾರಣವೂ ಇತ್ತು. ಯುಗಾದಿಗೊಮ್ಮೆ, ಬಸವ ಜಯಂತಿಗೊಮ್ಮೆ ಗುರುಸಂಗಪ್ಪನವರ ಹೆಂಡತಿ ಗುರುಬಸಮ್ಮ ಅವಳನ್ನು ಚಿಗಟೇರಿಗೆ ಕರೆಸಿಕೊಳ್ಳುತ್ತಿದ್ದಳು. ಹೋಳಿಗೆ ತಟ್ಟಲು ಒಂದು ಕೈ ಹೆಚ್ಚಿರಲಿ ಎಂದೇ ಕರೆಯುತ್ತಿದ್ದಳೇನೋ. ಆದರೆ ಸೊಸೆಯರ ಸಾಲಿನಲ್ಲೇ ಎಲೆ ಹಾಕಿಸಿ, “ಇನ್ನೊಂದು ಹಾಕಸ್ಕೊಳವ, ಮುಖ ನೋಡಬ್ಯಾಡ” ಎನ್ನುತ್ತಿದ್ದಳು. ಹಾಸ್ಟೆಲಿನಲ್ಲಿ ಎಲ್ಲರೂ ಎದ್ದ ಮೇಲೆ ಉಣ್ಣುವ ಸೌಭಾಗ್ಯ ವರ್ಷದಲ್ಲಿ ನಾಲ್ಕು ಜನರ ನಡುವೆ ಕೂತು ಉಣ್ಣುತ್ತಿದ್ದುದು ಆ ಎರಡು ದಿನ. ಅಲ್ಲಿ ಕೂತು ಕಾಗದದ ಮಾತು ಎತ್ತುವುದು ಹೇಗೆ?

ಈ ಸಲ ಪುರಸಭೆಯ ಕಿಟಕಿಯಲ್ಲಿ ಗುಮಾಸ್ತ ಶಿವಯೋಗಿ ಇದ್ದ.

“ಬಂದ್ರೇನಕ್ಕ? ನೀವು ಬರ್ಲಿಲ್ಲಂದ್ರ ಹೊಸ ವರ್ಸ ಚಾಲೂ ಆಗಿದ್ದ ನಮ್ಗ ಗೊತ್ತಾಗಂಗಿಲ್ಲ ನೋಡ್ರಿ.”

“ಇದು ಹನ್ನೆರಡನೇದು,” ಎಂದಳು ಸೌಭಾಗ್ಯ.

“ಏನು ಹನ್ನೆರಡನೇದು?”

“ಕಂದಾಯರೀ. ಇನ್ನ ಮನಿ ನನ್ನ ಹೆಸರಿಗೆ ಬರ್ತತಿ ಅಲ್ರಿ? ಅದ್ಕ ಅರ್ಜಿ ಕೊಡಬೇಕೇನು, ತಾನಾಗೇ ಬರ್ತತೇನು?”

ಶಿವಯೋಗಿ ನಕ್ಕ. ಅವಳು ನಗಲಿಲ್ಲ. ಅದನ್ನು ನೋಡಿ ಅವನೂ ನಗು ನಿಲ್ಲಿಸಿದ.

“ಯಾರ್ ಹೇಳಿದ್ರಕ್ಕ ನಿಮ್ಗ?”

“ಗಾದಿಲಿಂಗಪ್ಪ. ಬಾಂಡ್ ಬರಿತಿದ್ರಲ್ಲ, ಅವ್ರು.”

“ಸತ್ತೋರ ಮ್ಯಾಲೆ ನಾ ಏನ್ ಹೇಳ್ಲಿ.” ಅವನು ಹಿಂದಿನ ಸಾಲನ್ನು ನೋಡಿ ದನಿ ತಗ್ಗಿಸಿದ. “ನೋಡಕ್ಕ, ರಸೀದಿ ಮ್ಯಾಲ ಯಾರ ಹೆಸರೈತಿ? ಗುರುಸಂಗಪ್ಪ. ಕಟ್ಟಿದ ಕೈ ಯಾವ್ದಂತ ಕಂಪ್ಯೂಟರ್ ಕೇಳಂಗಿಲ್ಲ. ನೀವು ಕಟ್ಟಿದಷ್ಟೂ ಅದು ಅವ್ರ ಮನೀನ ಅಂತ ಗಟ್ಟಿ ಆಗ್ತಾ ಬಂದೈತಿ.”

ಅವಳಿಗೆ ಮಾತು ಕೇಳಿಸಿತು, ಅರ್ಥ ಕಿಟಕಿಯ ಆಚೆಯೇ ನಿಂತಿತು. ಶಿವಯೋಗಿ ಇನ್ನೂ ಹೇಳಿದ. ಮಂಜೂರಾತಿ ಇಲ್ಲದ ಸೈಟುಗಳ ಮನೆಗಳಿಗೂ ಸರಕಾರ ಈಗ ಬಿ-ಖಾತಾ ಎಂಬ ಮಾಲೀಕತ್ವದ ದಾಖಲೆ ಕೊಡುತ್ತಿದೆ. ಖಾತಾ ಇಲ್ಲದೆ ಇನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಅರ್ಜಿ ಹಾಕಬೇಕಾದವರು ನೋಂದಣಿ ಪತ್ರ ಇರುವ ಮಾಲೀಕರು.

“ಮತ್ತ ಇನ್ನೊಂದು ಹೇಳ್ತೀನಿ, ನಾ ಹೇಳಿದ್ನಂತ ಅನಬ್ಯಾಡ್ರಿ. ಹೋದ ವಾರ ಅವ್ರ ಮಗ ಅಮರೇಶ ಅರ್ಜಿ ಕೊಟ್ಟಾರ. ಪಾಲಿನ್ಯಾಗ ಆ ಮನಿ ಅವ್ರಿಗೆ ಬಂದೈತಿ. ಹನ್ನೊಂದು ವರ್ಸ ಒಂದು ಪೈ ಬಾಕಿ ಇಲ್ಲ, ಅದ್ಕ ಫೈಲು ಸರ್ರಂತ ಮುಂದ ಹೋತು. ಪರಿಶೀಲನಿಗೆ ನಾಕು ದಿನದಾಗ ಮನಿಗೆ ಬರ್ತಾರ.”

ಹಿಂದಿದ್ದ ಗಂಡಸು, “ಲಗೂ ಮುಗಸ್ರಿ ಅಕ್ಕಾರ, ಬಿಸ್ಲು ಏರಾಕ್ಹತ್ತೈತಿ,” ಎಂದ.

“ಈ ವರ್ಸದ್ದು ಕಟ್ತೀರೇನು ಮತ್ತ?” ಎಂದು ಶಿವಯೋಗಿ ಕೇಳಿದ.

ಸೌಭಾಗ್ಯ ಸೆರಗಿನ ಗಂಟು ಬಿಚ್ಚಿದಳು. ಕಟ್ಟದೆ ಸಾಲಿನಿಂದ ಹೊರಗೆ ಬರುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಮರುದಿನ ಚಿಗಟೇರಿ ಬಸ್ಸು ಹತ್ತಿದಳು. ಹಬ್ಬವಲ್ಲದ ದಿನ ಆ ಮನೆಯ ಬಾಗಿಲಿಗೆ ಹೋಗುತ್ತಿದ್ದುದು ಅದೇ ಮೊದಲು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ‘ಸಾವ್ಕಾರ್ರೇ, ತಪ್ಪು ತಿಳಿಬ್ಯಾಡ್ರಿ’ ಎಂದು ಶುರು ಮಾಡಬೇಕು. ಅಲ್ಲ, ಮೊದಲು ಆರೋಗ್ಯ ವಿಚಾರಿಸಬೇಕು. ಆಮೇಲೆ ಮಳೆ. ಮಳೆಯಿಂದ ಮನೆ ಸೋರುವುದಕ್ಕೆ, ಅಲ್ಲಿಂದ ಮಾತಿಗೆ. ಬಸ್ಸಿನಿಂದ ಇಳಿಯುವ ಹೊತ್ತಿಗೆ ಎಲ್ಲ ಕಲಸಿಹೋಯಿತು.

ಗುರುಬಸಮ್ಮ ಪಡಸಾಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು.

“ಯವ್ವಾ! ಬಸವ ಜಯಂತಿ ಇನ್ನ ಎಲ್ಲೈತಿ, ಈಗೇ ಬಂದ್ಯಲ್ಲ. ನಾ ಕರಿಯೋದು ತಡ ಆತೇನು?”

ಅವಳು ನಕ್ಕಳು. ಒಳಗಿಂದ ಗುರುಸಂಗಪ್ಪ ಬಂದು ಮಂಚದ ಮೇಲೆ ಕೂತರು. ಎಪ್ಪತ್ತು ದಾಟಿದ, ಬಿಗಿ ಮೈಕಟ್ಟಿನ, ಬೆಳ್ಳಗಿನ ಮನುಷ್ಯ. ಸೌಭಾಗ್ಯ ಮಳೆಯ ಮಾತನ್ನೂ ಮರೆತು, “ಸಾವ್ಕಾರ್ರೇ, ನನ್ನ ಮನಿ ಅಮರೇಶಪ್ಪಾರ ಪಾಲಿಗೆ ಹೋಗೈತಂತ?” ಎಂದುಬಿಟ್ಟಳು.

ಗುರುಬಸಮ್ಮನ ಕೈ ಹುಣಸೆಯ ಮೇಲೆ ನಿಂತಿತು.

“ನಿನ್ನ ಮನಿ ಅದು. ನಾ ಇಲ್ಲ ಅನ್ನಂಗಿಲ್ಲ,” ಎಂದರು ಗುರುಸಂಗಪ್ಪ. “ಪಾಲು ಬರಿಯೋ ಮುಂದ ನನ್ನ ಹೆಸರಿಂದು ಏನೇನೈತಿ ಅಂತ ಪಟ್ಟಿ ತಂದ್ರು. ಹೊಲ, ಗೋದಾಮು, ಈ ಮನಿ, ಆ ಮನಿ. ಬಾಕಿ ಇದ್ದಿದ್ರ ಇದ್ಯಾವ ಮನಿಯಪ್ಪಾ ಅಂತ ಕೇಳ್ತಿದ್ದೆ. ಬಾಕಿ ಇರ್ಲಿಲ್ಲ. ಕನ್ನಡಕನೂ ಇರ್ಲಿಲ್ಲ. ಸಹಿ ಹಾಕಿದೆ.”

“ಕನ್ನಡಕ ಎಲ್ಲಿತ್ತು, ನಿಮ್ಮ ಜೇಬಿನ್ಯಾಗೇ ಇತ್ತು,” ಎಂದಳು ಗುರುಬಸಮ್ಮ.

“ನೀ ಸುಮ್ನಿರು.” ಅವರು ಸೌಭಾಗ್ಯಳ ಕಡೆ ತಿರುಗಿದರು. “ಅಲ್ಲ, ನೀನಾದ್ರೂ ಒಂದ್ ಮಾತು ಕೇಳಬೇಕಿತ್ತು ತಂಗೀ. ಮೊದಲ್ನೇ ಎರಡ್ಮೂರು ವರ್ಸ ನಾ ಕಾದೆ. ಇವತ್ತು ಬಂದು ನೋಂದಣಿ ಅಂತಾಳ, ನಾಳಿ ಬಂದು ಅಂತಾಳ. ನೀ ಹೋಳಿಗಿ ತಟ್ಟಿ, ಉಂಡು, ಬಸ್ ಹತ್ತತಿದ್ದಿ.”

ಕೇಳಿದ್ದರೆ ಆಗುತ್ತಿತ್ತು. ಒಂದೇ ಒಂದು ಸಲ ಕೇಳಿದ್ದರೆ.

ಅಷ್ಟರಲ್ಲಿ ಅಮರೇಶ ಬೈಕು ನಿಲ್ಲಿಸಿ ಒಳಗೆ ಬಂದ. ವಿಷಯ ಗೊತ್ತಾಗಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಜಗಳಕ್ಕೆ ಬರುವವನಲ್ಲ, ಕುರ್ಚಿ ಎಳೆದುಕೊಂಡು ಸಮಾಧಾನವಾಗಿ ಹೇಳಿದ.

“ಅಕ್ಕಾರ, ನಿಮ್ಮ ಮನಿ ನುಂಗಿ ನಾನೇನು ಸಾವ್ಕಾರ ಆಗಬೇಕಾಗಿಲ್ಲ. ಆದ್ರ ಈಗ ಫೈಲು ನಡದೈತಿ. ಪರಿಶೀಲನಿಗೆ ಬಂದಾಗ ಬಾಡಿಗಿಗದೀನಿ ಅಂತ ಅಂದುಬಿಡ್ರಿ. ಖಾತಾ ನನ್ನ ಹೆಸರಿಗೆ ಆಗ್ಲಿ. ಆಮ್ಯಾಲ ನಾನೇ ನಿಮ್ಗ ಖರೀದಿ ಬರಕೊಡ್ತೀನಿ. ನೋಂದಣಿ ಖರ್ಚು ಮಾತ್ರ ನಿಮ್ದು.”

“ಬಾಡಿಗಿಗಂತ ನಾ ಅನಬೇಕೇನ್ರಿ?”

“ಬರೇ ಬಾಯಿಮಾತಿಗೆ ಅನ್ರಿ.”

ಸೌಭಾಗ್ಯ ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಹಂಗಾದ್ರ... ನೀವು ಈಗ ಹೇಳಿದ್ದನ್ನ ಒಂದು ಕಾಗದದ ಮ್ಯಾಲ ಬರದು ನೋಂದಣಿ ಮಾಡಿ ಕೊಡ್ರಿ. ಖಾತಾ ಆದ ಮ್ಯಾಲ ನಂಗ ಕೊಡ್ತೀನಿ ಅಂತ. ಆಮ್ಯಾಲ ನೀವು ಹೇಳಿದಂಗ ಅಂತೀನಿ.”

ಅವಳ ಕಿವಿಗೇ ಆ ಮಾತು ಬೇರೆ ಯಾರೋ ಆಡಿದಂತೆ ಕೇಳಿಸಿತು.

“ಏನಕ್ಕಾರ, ನಮ್ಮ ಮನಿ ಮಾತಿಗೆ ಬೆಲಿ ಇಲ್ಲೇನು?” ಅಮರೇಶನ ಮುಖ ಕೆಂಪಾಯಿತು. “ಹನ್ನೆರಡು ವರ್ಸ ಇಲ್ಲೇ ಹೋಳಿಗಿ ಉಂಡ್ರಿ. ಇವತ್ತು ಕಾಗದ ಕೇಳ್ತೀರಿ.”

“ಬೆಲಿ ಇತ್ತಂತಾನ ಇಷ್ಟು ದಿನ ಕೇಳ್ಲಿಲ್ರಿ.”

“ನೋಡೋಣ ಬಿಡ್ರಿ,” ಎಂದು ಅವನು ಎದ್ದು ಒಳಗೆ ಹೋದ. ಗುರುಸಂಗಪ್ಪ ಗೋಡೆ ನೋಡುತ್ತ ಕೂತರು. ಗುರುಬಸಮ್ಮ, “ಚಾ ಮಾಡ್ಲೇನವ?” ಎಂದಳು, ಆದರೆ ಏಳಲಿಲ್ಲ. ಸೌಭಾಗ್ಯಳೇ ಎದ್ದಳು.

ಮೂರು ದಿನ ಅವಳು ಮನೆಯಿಂದ ಹೊರಗೆ ಹೋಗಲಿಲ್ಲ. ಅಮರೇಶ ಕಾಗದ ಕಳಿಸಬಹುದು. ಕಳಿಸದಿದ್ದರೆ? ಹೇಳಿದಂತೆ ಕೇಳಿ ಬಾಡಿಗೆಯವಳು ಎಂದುಬಿಟ್ಟರೆ ಎಲ್ಲ ಸುಲಭ. ಅವನು ಮೋಸಗಾರನಲ್ಲ, ನಿಜವಾಗಿಯೂ ಬರೆದುಕೊಡಬಹುದು. ಆದರೆ ನಾಳೆ ಅವನಿಗೇನಾದರೂ ಆದರೆ? ಅವನ ಹೆಂಡತಿ, ಇವಳು ಬಾಡಿಗೆಯವಳು, ತಾನೇ ಹೇಳಿದ್ದಾಳಲ್ಲ ಎಂದರೆ? ಬೇರೆಯವರ ಮಾತು ಸುಳ್ಳಾದರೆ ಬೈದು ಸುಮ್ಮನಾಗಬಹುದು. ತನ್ನ ಬಾಯಿಂದಲೇ ಬಂದದ್ದನ್ನು ಏನು ಮಾಡುವುದು?

ಯಾರನ್ನಾದರೂ ಕೇಳಬೇಕೆನಿಸಿ ತಮ್ಮ ಮೈಲಾರೇಶನಿಗೆ ಫೋನು ಹಚ್ಚಿದಳು. ಅವನು ಕುರಿ ಹೊಡೆದುಕೊಂಡು ಹಡಗಲಿಯ ಆಚೆ ಎಲ್ಲೋ ಇದ್ದ. ಗಾಳಿ, ಕುರಿಗಳ ಕೂಗು, ನಡುವೆ ಅವನ ಕೂಗು.

“ಹಾಂ? ಏನ್ ಮನೀ? ಕೇಳ್ಸವಲ್ದಕ್ಕಾ! ರಸ್ತಿ ದಾಟ್ಸಾಕ್ಹತ್ತೀನಿ, ಲಾರಿ ಬರಾಕ್ಹತ್ಯಾವ. ಸಂಜಿಗೆ ನಾನೇ ಮಾಡ್ತೀನಿ.”

ಸಂಜೆ ಅವನು ಮಾಡಲಿಲ್ಲ. ಸಂಜೆಗೆ ಕುರಿ ಎಣಿಸುವುದೇ ಆಗುತ್ತದೆ ಪಾಪ, ಎಂದು ಅವಳೇ ಅವನ ಪರವಾಗಿ ಹೇಳಿಕೊಂಡಳು. ಪಕ್ಕದ ಮನೆಯವರನ್ನು ಕೇಳಲು ಬೇಲಿಯವರೆಗೂ ಹೋಗಿ, ನೀರು ಬಂತೇನ್ರಿ ಎಂದು ಕೇಳಿ ಬಂದಳು.

ನಾಲ್ಕನೆಯ ದಿನ ಬೆಳಿಗ್ಗೆ ಒಬ್ಬಳು ಹುಡುಗಿ ಸ್ಕೂಟಿ ನಿಲ್ಲಿಸಿದಳು. ಕೊರಳಲ್ಲಿ ಪುರಸಭೆಯ ಗುರುತಿನ ಚೀಟಿ, ಮೇಲೆ ರೋಜಾ ಎಂಬ ಹೆಸರು. ಬಿಸಿಲಿಗೆ ಮುಖ ಕೆಂಪಗಾಗಿತ್ತು. ಸೌಭಾಗ್ಯ ನೀರು ಕೊಟ್ಟಳು, ಚಾಪೆ ಹಾಸಿದಳು. ಅವಳು ಕೂರದೆ ಟೇಪು ಹಿಡಿದು ಖೋಲಿಗಳನ್ನು ಅಳೆದಳು, ಮೊಬೈಲಿಗೆ ಒತ್ತಿಕೊಂಡಳು.

“ಎಷ್ಟು ಮಂದಿ ಇರ್ತೀರಕ್ಕ?”

“ನಾನೊಬ್ಬಾಕಿ.”

“ಸ್ವಂತ ವಾಸಾನೋ, ಬಾಡಿಗೀನೋ, ಖಾಲೀನೋ? ಇವು ಮೂರೇ ಅದಾವ ಇದ್ರಾಗ.”

ಸೌಭಾಗ್ಯ ಬಾಗಿಲಿನಾಚೆ ರಸ್ತೆ ನೋಡಿದಳು. ಬೈಕಿನ ಸದ್ದು ಕೇಳಿತು. ಅದು ಮುಂದಕ್ಕೆ ಹೋಯಿತು. ಅಮರೇಶನಲ್ಲ.

“ಅರ್ಜಿ ಕೊಟ್ಟೋರು ಬಾಡಿಗಿ ಅಂತ ಹಾಕ್ಯಾರ,” ಎಂದಳು ರೋಜಾ. “ಹೌದಲ್ಲಕ್ಕ? ಒತ್ತಿಬಿಡ್ಲೇನು?”

“ತಡಿ ತಂಗಿ.” ಒಲೆಯ ಮೇಲೆ ಏನೂ ಇರಲಿಲ್ಲ. ಆದರೂ ಅವಳು ಒಳಗೆ ಹೋಗಿ ಒಲೆ ನೋಡಿ ಬಂದಳು. “ನಾ ಬಾಡಿಗೀಯಾಕಿ ಅಲ್ಲ. ಖರೀದಿ ಮಾಡೀನಿ. ಬಾಂಡ್ ಐತಿ, ನೋಂದಣಿ ಇಲ್ಲ.”

ರೋಜಾಳ ಬೆರಳು ಗಾಳಿಯಲ್ಲೇ ನಿಂತಿತು. “ಹಂಗಂದ್ರ ಕಷ್ಟ ಆಗ್ತತಕ್ಕ. ತಕರಾರು ಐತಿ ಅಂತ ಬರೀಬೇಕಾಗ್ತತಿ. ಹಂಗ ಬರದ್ರ ಫೈಲು ಅಲ್ಲೇ ನಿಲ್ತತಿ. ಅವ್ರಿಗೂ ಖಾತಾ ಬರಂಗಿಲ್ಲ, ನಿಮ್ಗೂ ಬರಂಗಿಲ್ಲ. ಕೋರ್ಟು ಗೀರ್ಟು ಅಂದ್ರ ಎಷ್ಟು ವರ್ಸ ಆಗ್ತತೋ. ಮನ್ಯಾಗ ಯಾರನ್ನರ ಕೇಳ್ರಿ ಬೇಕಾದ್ರ, ನಾ ನಿಲ್ತೀನಿ.”

ಪಾಪ, ಹುಡುಗಿ ಒಳ್ಳೆಯದಕ್ಕೇ ಹೇಳಿದಳು. ಸೌಭಾಗ್ಯ ಖೋಲಿಯ ಕಡೆ ನೋಡಿದಳು, ಅಲ್ಲಿ ಯಾರಾದರೂ ಇದ್ದಾರೇನೋ ಎಂಬಂತೆ. ಚಿಗಟೇರಿಯ ಪಡಸಾಲೆ ಕಣ್ಣ ಮುಂದೆ ಬಂತು. ಉದ್ದಕ್ಕೆ ಹಾಸಿದ ಎಲೆಗಳು, ಬಳೆಗಳ ಸದ್ದು, ಯಾವುದೋ ಕೂಸು ತನ್ನದೇ ಅಜ್ಜಿಯೆಂದು ತಿಳಿದು ಅವಳ ತೊಡೆ ಏರಿದ್ದು. ತಕರಾರು ಎಂಬ ಒಂದು ಶಬ್ದ ಆ ಬಾಗಿಲಿಗೆ ಚಿಲಕ ಹಾಕುತ್ತದೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ತಕರಾರು ಅಂತಾನ ಬರಿ,” ಎಂದಳು.

ರೋಜಾ ಬರೆದಳು. ಬಾಂಡಿನ ಫೋಟೊ ತೆಗೆದುಕೊಂಡಳು. “ಮನೀದೊಂದು ಫೋಟೊ ಬೇಕಕ್ಕ. ಇದ್ದೋರು ಬಾಗಿಲ ಮುಂದ ನಿಲ್ಲಬೇಕು.”

ಹನ್ನೆರಡು ವರ್ಷದಲ್ಲಿ ಆ ಮನೆಯ ಮುಂದೆ ಅವಳ ಫೋಟೊ ಯಾರೂ ತೆಗೆದಿರಲಿಲ್ಲ. ಸೌಭಾಗ್ಯ ಒದ್ದೆ ಕೈಯಿಂದ ಕೂದಲು ಸರಿಮಾಡಿಕೊಂಡು, ಸೆರಗು ಹೊದ್ದು, ಬಾಗಿಲಿನ ಒಂದು ಪಕ್ಕಕ್ಕೆ ನಿಂತಳು. “ನಡಕ ಬರ್ರಿ,” ಎಂದಳು ರೋಜಾ. ಅವಳು ಅರ್ಧ ಹೆಜ್ಜೆ ಸರಿದಳು. “ಇನ್ನೂ ನಡಕ.” ಇನ್ನರ್ಧ ಹೆಜ್ಜೆ ಸರಿದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ಬಂತು.

“ಸೌಭಾಗ್ಯಾ,” ಗುರುಸಂಗಪ್ಪನವರ ದನಿ. ಹಿಂದೆ ಅಮರೇಶ ಯಾರಿಗೋ ಜೋರಾಗಿ ಹೇಳುತ್ತಿದ್ದ. ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ದನಿ ಮಾತ್ರ ಉಳಿಯಿತು. “ತಕರಾರು ಅಂತ ಬರಿಸಿಯಂತ.”

“ಹೂನ್ರಿ.”

“ನನ್ನ ಮ್ಯಾಲ ಏನು ತಕರಾರು ನಿಂದು?”

“ನಿಮ್ಮ ಮ್ಯಾಲ ಅಲ್ರಿ ಸಾವ್ಕಾರ್ರೇ. ಮನಿ ಮ್ಯಾಲ.”

ಅವರು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತೇನೋ ಎಂದು ಅವಳು ಕಿವಿಯಿಂದ ತೆಗೆದು ನೋಡಿದಳು.

“ಬಾಂಡು ಹುಷಾರಾಗಿ ಇಟ್ಕೋ,” ಎಂದರು ಕಡೆಗೆ. “ಅದ್ರ ಮ್ಯಾಲಿನ ಸಹಿ ನಂದು, ಪೂರಾ ರೊಕ್ಕ ತಗೊಂಡು ಮನಿ ಕೊಟ್ಟೀನಿ ಅಂತ ನಾ ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ಮಗನ ಎದುರಿಗೂ ಹೇಳ್ತೀನಿ. ಎಷ್ಟು ದಿನ ಇರ್ತೀನೋ ಅಷ್ಟು ದಿನ.”

“ದೊಡ್ಡೋರು ನೀವು,” ಎಂದಳು.

“ಆದ್ರ ತಂಗೀ,” ಅವರ ದನಿ ಇಳಿಯಿತು. “ಹಬ್ಬಕ್ಕ ಬರಬ್ಯಾಡ ಈ ಸಲ. ಮನ್ಯಾಗ ಸರಿ ಇಲ್ಲ. ಗುರುಬಸಿ ಕರೀಬೇಕಂತಾಳ, ನಾನೇ ಬ್ಯಾಡಂದೀನಿ. ಮುಂದಿನ ವರ್ಸಾ... ನೋಡೋಣು.”

“ಆತ್ರಿ.”

“ಊಟ ಆತೇನು?”

“ಆತ್ರಿ,” ಎಂದಳು. ಇನ್ನೂ ಒಲೆ ಹಚ್ಚಿರಲಿಲ್ಲ.

ಫೋನು ಇಟ್ಟಳು. ಆಮೇಲೆ ಹಾಸ್ಟೆಲಿನ ಸಾಮಾನು ಪಟ್ಟಿ ಬರೆಯುವ ಪುಸ್ತಕ ತಂದು ದೀಪದ ಕೆಳಗೆ ಕೂತಳು. ಸಂಜೆ ಶಾಲೆಯಲ್ಲಿ ಕಲಿತ ಅಕ್ಷರ ಅವಳದು. ದುಂಡಗೆ, ದೊಡ್ಡದಾಗಿ, ಒಂದೊಂದನ್ನೂ ಗೆರೆಗೆ ಮುಟ್ಟಿಸಿ ಬರೆಯುವಳು. ಬಾಯಿಮಾತು ಇನ್ನೊಂದು ಸಲ ಗಾಳಿಗೆ ಹೋಗಬಾರದು. ತಾರೀಕು ಹಾಕಿದಳು. ಹೊತ್ತು ಬರೆದಳು. ಗುರುಸಂಗಪ್ಪನವರು ಫೋನಿನಲ್ಲಿ ಆಡಿದ್ದನ್ನು ಅವರು ಆಡಿದ ಹಾಗೆಯೇ ಬರೆದಳು. ಹಬ್ಬದ ಮಾತಿಗೆ ಬಂದಾಗ ಪೆನ್ನು ನಿಂತಿತು. ಇದನ್ನು ಬರೆಯಬೇಕೋ ಬೇಡವೋ? ಬಿಟ್ಟರೆ ಸುಳ್ಳಾದೀತೆನಿಸಿ ಅದನ್ನೂ ಬರೆದಳು.

ಕೆಳಗೆ ತನ್ನ ಸಹಿ ಹಾಕಿದಳು. ಇಂಥ ಕಾಗದಕ್ಕೆ ಸಾಕ್ಷಿಗಳು ಬೇಕೆಂಬುದು ನೆನಪಾಗಿ, ‘ಸಾಕ್ಷಿ’ ಎಂದು ಬರೆದು, ಒಂದು, ಎರಡು ಎಂದು ಅಂಕಿ ಹಾಕಿ, ಮುಂದೆ ಸಹಿಗೆ ಜಾಗ ಬಿಟ್ಟಳು. ಈ ಮಾತು ಕೇಳುವಾಗ ಈ ಮನೆಯಲ್ಲಿ ತನ್ನನ್ನು ಬಿಟ್ಟು ಯಾರಿದ್ದರು ಎಂದು ನೆನಪು ಮಾಡಿಕೊಳ್ಳುತ್ತ, ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು.